ಮಾಳಿಗೆಗೆ ಹೊತ್ತ ಮಣ್ಣು

ಮಣ್ಣಿನ ಮಾಳಿಗೆಯ ಮನೆಗಳನ್ನು ಹೊಗಳುವವರು ಈಗ ಬಹಳ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎನ್ನುತ್ತಾರೆ. ಮಾತು ನಿಜ. ಆದರೆ ಹಾಗೆ ಹೇಳುವವರಲ್ಲಿ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತಿದವರು ನನಗೆ ಒಬ್ಬರೂ ಸಿಕ್ಕಿಲ್ಲ. ಆ ಮನೆ ತಾನಾಗಿ ಬೆಚ್ಚಗಿರುವುದಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಯಾರೋ ಒಬ್ಬರು ಅದನ್ನು ಅದಕ್ಕೆ ತಯಾರು ಮಾಡಬೇಕು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ, ನಮ್ಮ ತಂದೆಯ ಮನೆಯಿಂದ ಮೂರನೆಯ ಮನೆಯಲ್ಲಿ, ಆ ಕೆಲಸ ಶಿವಕಾಂತಾಳದು.

ಅವಳು ಅಫಜಲಪುರದ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ಆ ಮನೆಗೆ ಸೊಸೆಯಾಗಿ ಬಂದಳು. ಮೊದಲ ಮಳೆಗಾಲದಲ್ಲಿ ಮಾಳಿಗೆ ಏಳು ಕಡೆ ಸೋರಿತು. ಅತ್ತೆ ಏಳು ಕಡೆ ಪಾತ್ರೆ ಇಟ್ಟು, ಗಂಡಸರು ಬಂದು ನೋಡುತ್ತಾರೆ ಎಂದರು. ಗಂಡಸರು ಬಂದರು, ನೋಡಿದರು, ಊಟ ಮಾಡಿ ಮಲಗಿದರು. ಮರುವರ್ಷ ಮಳೆಗೆ ಇನ್ನೂ ಹದಿನೈದು ದಿನ ಇರುವಾಗ ಸೊಸೆ ಸೆರಗು ಬಿಗಿದು ಏಣಿ ಹತ್ತಿದಳು. ಹೆಣ್ಣು ಮಾಳಿಗೆಯ ಮೇಲೆ ನಿಂತರೆ ಕೆಳಗೆ ಕೂತ ಹಿರಿಯರ ತಲೆಯ ಮೇಲೆ ನಿಂತಂತೆ ಎಂದು ಆ ಕಾಲದವರ ಎಣಿಕೆ. ಅತ್ತೆ ಅಂಗಳಕ್ಕೆ ಬಂದು ಕೂಗಿದರು:

“ಇಳಿ ಬೇ ಕೆಳಗ! ನಿಮ್ಮ ಮಾವ ಒಳಗ ಕುಂತಾರ. ಅವರ ತಲಿ ಮ್ಯಾಲ ನಿಂತೀದಿ, ಖಬರದ ಏನ್ ನಿನಗ?”

“ಅವರ ತಲಿ ಮ್ಯಾಲ ನೀರ ಬೀಳೋದಕ್ಕಿಂತ ನಾ ನಿಲ್ಲೋದು ಚಲೋ ಅಲ್ಲೇನ್ರಿ ಅತ್ತಿ?”

ಒಳಗಿನಿಂದ ಮಾವ ನಕ್ಕರಂತೆ. ಆ ವರ್ಷ ಸೋರಿದ್ದು ಎರಡೇ ಕಡೆ. ಅದರ ಮರುವರ್ಷ ಎಲ್ಲಿಯೂ ಇಲ್ಲ.

ಈ ಮಾಳಿಗೆಯ ಕಟ್ಟಡ ಸರಳವಾದದ್ದು. ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು, ಅವುಗಳ ಮೇಲೆ ತೊಗರಿ ಕಟ್ಟಿಗೆ ಮತ್ತು ಬೇವಿನ ಸೊಪ್ಪು, ಎಲ್ಲದರ ಮೇಲೆ ಒಂದು ಗೇಣು ಮಣ್ಣು. ಹೊಲದ ಕರಿಮಣ್ಣು ಇದಕ್ಕೆ ಬರುವುದಿಲ್ಲ, ಬಿಸಿಲಿಗೆ ಬಿರಿಯುತ್ತದೆ. ಊರ ಹೊರಗಿನ ಹಾಳುದಿಬ್ಬದ ಬಿಳಿಮಣ್ಣು ಬೇಕು. ಹಿಂದೆ ಯಾವಾಗಲೋ ಮನೆಗಳಿದ್ದು ಬಿದ್ದುಹೋದ ಜಾಗ ಅದು. ಆ ಮಣ್ಣಿನಲ್ಲಿ ಉಪ್ಪು ಇದೆ, ಹುಲ್ಲು ಏಳುವುದಿಲ್ಲ, ಮೊದಲ ಮಳೆಗೆ ಹೆಪ್ಪಾಗಿ ಕೂರುತ್ತದೆ. ಎದುರು ಮನೆಯ ಕುಲಸುಮಬಿ ದಿಬ್ಬ ಅಗೆದರೆ ಶಿವಕಾಂತಾ ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು, ಉಗುಳಿ, ಇದು ಬೇಕು ಇದು ಬೇಡ ಎನ್ನುತ್ತಿದ್ದಳು. ಮೂವತ್ತೈದು ವರ್ಷ ಈ ಇಬ್ಬರು ಹೆಂಗಸರು ಆ ಓಣಿಯ ಅರ್ಧ ಮನೆಗಳ ಮಾಳಿಗೆ ನೋಡಿದ್ದಾರೆ. ನಮ್ಮದನ್ನೂ ನೋಡಿದ್ದಾರೆ.

ಅವಳ ನಿಯಮ ಒಂದೇ. ಹೊಸ ಮಣ್ಣು ಎಷ್ಟು ಬುಟ್ಟಿ ಏರುತ್ತದೋ ಅಷ್ಟು ಹಳೆಯ ಮಣ್ಣು ಮೊದಲು ಇಳಿಯಬೇಕು. ಇಳಿಸುವುದು ಬೇಸರದ ಕೆಲಸ. ಗಟ್ಟಿಯಾಗಿ ಕೂತ ಮೇಲ್ಪದರವನ್ನು ಕೆತ್ತಿ, ಬಾಚಿ, ಹೊತ್ತು ಹಾಕಬೇಕು. ಆದ್ದರಿಂದ ಮಂದಿ ಇಳಿಸದೆಯೇ ಹೊಸದನ್ನು ಏರಿಸುತ್ತಾ ಹೋಗುತ್ತಾರೆ. ಪ್ರತಿ ವರ್ಷ ನಾಲ್ಕು ಬೆರಳು ದಪ್ಪ ಸೇರುತ್ತದೆ. ತೊಲೆಗೆ ಅದನ್ನು ಹೇಳಲು ಬಾಯಿಲ್ಲ. ಕಲ್ಲಿನಾಥ ಎಂಬುವನ ದನದ ಕೊಟ್ಟಿಗೆ ಹಾಗೆಯೇ ಒಂದು ಮಳೆಗಾಲದಲ್ಲಿ ಹಗಲು ಹನ್ನೊಂದು ಗಂಟೆಗೆ ಕುಸಿದು ಎರಡು ಎಮ್ಮೆ ಸತ್ತವು. ಅಂದಿನಿಂದ ಶಿವಕಾಂತಾ ಯಾರ ಮನೆಗೆ ಹೋದರೂ ಆ ಎಮ್ಮೆಗಳ ಕಥೆ ಹೇಳದೆ ಏಳುತ್ತಿರಲಿಲ್ಲ.

ಇಷ್ಟು ತಿಳಿದವಳು ಎರಡು ವರ್ಷದ ಹಿಂದೆ ಆ ನಿಯಮವನ್ನು ತಾನೇ ಮುರಿದಳು. ಅದನ್ನು ಅಜ್ಞಾನ ಎನ್ನಲು ಬರುವುದಿಲ್ಲ.

ಅವಳ ಒಬ್ಬಳೇ ಮಗಳು ವಿದ್ಯಾವತಿಯನ್ನು ಜೇವರ್ಗಿಗೆ ಕೊಟ್ಟಿದ್ದರು. ಅಳಿಯ ಅನೀಲಕುಮಾರ ಅಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದಾನೆ. ಮಗಳಿಗೆ ಏಳು ತಿಂಗಳಾಗಿ ಕುಬಸದ ಶಾಸ್ತ್ರವೂ ಮುಗಿದಿತ್ತು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ. ದವಾಖಾನೆ ಯಾವುದೇ ಇರಲಿ, ಬಾಣಂತಿ ಬಂದು ಮಲಗುವುದು ತಾಯಿಯ ಮನೆಯಲ್ಲಿ. ಆದರೆ ದಿನ ತುಂಬುವುದು ಆಷಾಢದ ಜಡಿಮಳೆಯಲ್ಲಿ. ಅಳಿಯನ ತಾಯಿ ಬಸವೇಶ್ವರಿ ಫೋನಿನಲ್ಲಿ ನೇರವಾಗಿಯೇ ಮಾತಾಡಿದರು:

“ಬೀಗತ್ಯಾರೆ, ಸಿಟ್ಟಾಗಬ್ಯಾಡ್ರಿ. ನಿಮ್ಮದು ಮಣ್ಣಿನ ಮನಿ. ನಮ್ಮ ಹುಡುಗಿ ಹಸಿ ಮೈಯಾಗ ತೊಟ್ಟಿಕ್ಕೋ ನೀರಿನ ಕೆಳಗ ಮಲಗೋದು ನನಗ ಸೇರಂಗಿಲ್ಲ.”

“ನಿಮ್ಮ ಹುಡುಗಿ ಆ ಮನ್ಯಾಗೇ ಹುಟ್ಟ್ಯಾಳ್ರಿ. ಒಂದ ಹನಿ ಆಕಿ ಮ್ಯಾಲ ಬಿದ್ದಿಲ್ಲ.”

“ಅದು ಆಗಿನ ಮಾತು. ಹಿಂಗ ಮಾಡೋಣು. ಮಿರಗಾ ಮಳಿ ಒಂದ ಸಲ ಜೋರ ಬರಲಿ. ನಾ ಖುದ್ದ ಬಂದು ಕ್ವಾಣಿ ನೋಡ್ತೇನಿ. ಒಣಗಿತ್ತಂದ್ರ ಕಳಸ್ತೇನಿ.”

ಊರಿನ ಮಾಳಿಗೆಗಳನ್ನು ಪರೀಕ್ಷೆ ಮಾಡುತ್ತಿದ್ದವಳ ಮಾಳಿಗೆಗೆ ಈಗ ಪರೀಕ್ಷೆ ಬಂದಿತ್ತು. ಸೋತರೆ ಮಗಳ ಬಾಣಂತನ ಕೈತಪ್ಪುತ್ತದೆ. ಬೇರೆ ಮಗಳಿಲ್ಲ, ಇನ್ನೊಂದು ಚೊಚ್ಚಲು ಹೆರಿಗೆ ಬರುವುದಿಲ್ಲ.

ಆ ಬೇಸಿಗೆಯಲ್ಲಿ ಅವಳು ಹೂಡಿದ ತರ್ಕ ಹೀಗೆ: ಕಳೆದ ವರ್ಷದ ಮೇಲ್ಪದರ ಒಂದು ಹನಿಯನ್ನೂ ಬಿಟ್ಟಿಲ್ಲ. ಅದನ್ನು ಕೆತ್ತಿದರೆ ಎಲ್ಲಿ ಸೀಳು ಬೀಳುತ್ತದೋ ಹೇಳಲಾಗುವುದಿಲ್ಲ. ಆದ್ದರಿಂದ ಈ ಒಂದು ವರ್ಷ ಅದನ್ನು ಮುಟ್ಟುವುದು ಬೇಡ. ಅದರ ಮೇಲೆಯೇ ಹೊಸದನ್ನು ಹಾಕೋಣ, ಅದೂ ಎರಡರಷ್ಟು. ಹೆದರಿದ ಮನಸ್ಸು ಹೂಡುವ ತರ್ಕದಲ್ಲಿ ಯಾವಾಗಲೂ ಒಂದು ಅಂಶ ಸರಿಯಿರುತ್ತದೆ, ಅದರಿಂದಲೇ ಅದು ಅಪಾಯ.

ಟ್ರಾಲಿಯಲ್ಲಿ ಬಂದ ಬಿಳಿಮಣ್ಣು ಅಂಗಳದಲ್ಲಿ ಬಿತ್ತು. ಕುಲಸುಮಬಿ ಬುಟ್ಟಿ ತುಂಬಿ ಕೊಡುವುದು, ಶಿವಕಾಂತಾ ಹೊತ್ತು ಏರುವುದು. ಮೂವತ್ತು ಬುಟ್ಟಿಯಾದ ಮೇಲೆ ಕುಲಸುಮಬಿ ಸಲಿಕೆ ನೆಲಕ್ಕೆ ಊರಿ ನಿಂತಳು.

“ಯಕ್ಕಾ, ಹಳೇದು ಇಳಸಲಿಲ್ಲ ನೀ.”

“ಈ ವರ್ಷ ಬ್ಯಾಡ.”

“ಬ್ಯಾಡಂದ್ರ? ಎಮ್ಮಿ ಕಥಿ ಯಾರು ಹೇಳ್ತಿದ್ರು? ನಾನೇನು?”

“ಒಂದ ವರ್ಷಕ್ಕ ಏನೂ ಆಗಂಗಿಲ್ಲ.”

“ಕಲ್ಲಿನಾಥನೂ ಹಿಂಗೇ ಅಂದಿದ್ದ. ಮಾತಿಗಿ ಮಾತು ಇದೇ.”

“ನೀ ಮಣ್ಣು ತುಂಬತೀ, ಇಲ್ಲ ಪುರಾಣ ಹೇಳ್ತೀ? ಬುಟ್ಟಿ ಎತ್ತ ಬೇ.”

ಕುಲಸುಮಬಿ ಬುಟ್ಟಿ ಎತ್ತಿಕೊಟ್ಟಳು. ಎಪ್ಪತ್ತು ಬುಟ್ಟಿ ಏರಿತು. ತುಳಿದು, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು, ಮಳೆನೀರು ಹರಿದುಹೋಗುವ ಹರನಾಳಿಗೆಯ ಕಡೆಗೆ ಇಳಿಜಾರು ಮಾಡಿದರು. ನೋಡಲು ಚೆನ್ನಾಗಿಯೇ ಇತ್ತು.

ಒಳಗಿನ ತಯಾರಿಯಲ್ಲಿ ತಪ್ಪು ಹುಡುಕಲು ಬರುತ್ತಿರಲಿಲ್ಲ. ಬಾಣಂತಿಯ ಕೋಣೆಯ ಗೋಡೆಯ ಬುಡದಲ್ಲಿ ಇಲಿಯ ತೂತುಗಳನ್ನು ಗಾಜಿನ ಚೂರು, ಮಣ್ಣು ಸೇರಿಸಿ ಮುಚ್ಚಿದಳು. ಮಾಳಿಗೆಯಲ್ಲಿದ್ದ ಬೆಳಕಿಂಡಿಯ ಮೇಲೆ ಕಲ್ಲು ಎಳೆದು ಸುತ್ತ ಸೆಗಣಿ ಮೆತ್ತಿದಳು. ನೆಲವನ್ನು ಮೂರು ಬಾರಿ ಸಾರಿಸಿದಳು. ಒಲೆಗೆ ಒಣಗಿದ ಸೆಗಣಿ ಕುಳ್ಳು, ತೊಗರಿ ಕಟ್ಟಿಗೆ ಪಡಸಾಲೆಯೊಳಗೆ ಬಂದವು. ಹಳೆಯ ಸೀರೆಗಳಿಂದ ಮೂರು ಕೌದಿ ಹೊಲಿದಳು: ಒಂದು ಹಾಸಲು, ಒಂದು ಹೊದೆಯಲು, ಮೊಣಕೈಯುದ್ದದ್ದು ಕೂಸಿಗೆ. ಬಾಣಂತಿಯ ಉಂಡೆಗೆ ಅಳ್ವಿ, ಅಂಟು, ಒಣಕೊಬ್ಬರಿ ಡಬ್ಬಿಗಳಲ್ಲಿ ತುಂಬಿದವು. ಗಂಡ ಶಾಂತಲಿಂಗಪ್ಪ ಹಿಟ್ಟಿನ ಗಿರಣಿಯಲ್ಲಿ ದುಡಿದು ಮೊಣಕಾಲು ಸವೆಸಿಕೊಂಡ ಮನುಷ್ಯ. ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ.

“ಇಷ್ಟು ತಯಾರಿ ನಿಜಾಮ ಬಂದಾಗ್ಲೂ ಆಗಿರಲಿಕ್ಕಿಲ್ಲ ನೋಡು.”

“ನಿಜಾಮ ಬಂದ್ರ ಇಷ್ಟ ಫಿಕರ ಇರತಿರಲಿಲ್ಲ. ಬರಾಕತ್ತಾಕಿ ಬೀಗತಿ.”

ಮೃಗಶಿರ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಮೊದಲ ದಿನ ಗಾಳಿಯ ಜೊತೆ ಸುರಿಯಿತು, ಮುಂದಿನ ಎರಡು ದಿನ ನಿಲ್ಲದೆ ಹನಿಯಿತು. ಶಿವಕಾಂತಾ ಗಳಿಗೆಗೊಮ್ಮೆ ಕೋಣೆಗೆ ಹೋಗಿ ಜಂತಿಗಳ ಮೇಲೆ ಕೈಯಾಡಿಸಿದಳು. ಒಣಗಿದ್ದವು. ಓಣಿಯಲ್ಲಿ ಸ್ಲ್ಯಾಬಿನ ಮನೆಯೊಂದರ ಪಡಸಾಲೆ ಸೋರಿತೆಂಬ ಸುದ್ದಿ ಬಂದಾಗ, ಅವಳೇ ನನಗೆ ಹೇಳಿದಂತೆ, ಅವಳಿಗೆ ಸಂತೋಷವಾಯಿತು. ಮೂರನೆಯ ಸಂಜೆ ಬಸವೇಶ್ವರಿಗೆ ಫೋನು ಮಾಡಿ, ನಾಳೆಯೇ ಬಂದು ನೋಡಿ ಎಂದಳು.

ಮರುದಿನ ಬೆಳಿಗ್ಗೆ ಶಾಂತಲಿಂಗಪ್ಪ ಬಾಣಂತಿ ಮಲಗುವ ಹೊರಸನ್ನು ಸರಿಯಾಗಿ ಹಾಕಲು ಆ ಕೋಣೆಗೆ ಹೋದ. ತೊಲೆಯ ನಡುವಿನಿಂದ ಒಂದು ನೆಲುವು ಇಳಿಬಿದ್ದಿದೆ. ಬೆಕ್ಕಿಗೆ ಸಿಗದಂತೆ ತುಪ್ಪದ ಗಡಿಗೆಯನ್ನು ಅದರಲ್ಲಿ ತೂಗುಹಾಕುತ್ತಾರೆ. ನಲವತ್ತು ವರ್ಷದಿಂದ ಅವನು ಅದರ ಕೆಳಗೆ ತಲೆ ಬಗ್ಗಿಸದೆ ಓಡಾಡಿದವನು. ಅಂದು ಗಡಿಗೆಯ ಬುಡ ಠಣ್ಣನೆ ಅವನ ನೆತ್ತಿಗೆ ಬಡಿಯಿತು. ಅವನು ತಲೆ ಸವರಿಕೊಳ್ಳುತ್ತಾ ಹೊರಗೆ ಬಂದ.

“ಕೇಳಿದೇನ? ಅರವತ್ತಾರನೇ ವರ್ಷದಾಗ ನಾ ಎತ್ತರ ಬೆಳಿಯಾಕತ್ತೇನಿ. ನಿನ್ನ ಅಳ್ವಿ ಉಂಡಿ ಕದ್ದು ತಿಂದದ್ದಕ್ಕ ಇರಬೇಕು.”

ಶಿವಕಾಂತಾ ನಗಲಿಲ್ಲ. ಕೈಯಲ್ಲಿದ್ದ ಕಸಬರಿಗೆ ಬಿಟ್ಟು ಒಳಗೆ ಹೋದಳು. ನೆಲುವಿನ ಹಗ್ಗ ಎಳೆದು ನೋಡಿದಳು. ಅದು ಒಣಗಿತ್ತು, ಗಂಟು ಗಂಟಿನ ಜಾಗದಲ್ಲೇ ಇತ್ತು. ಬಟ್ಟೆ ಹರವುವ ಗಳು ತಂದು ಗೋಡೆಯ ಹತ್ತಿರ ತೊಲೆಯ ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿ, ತೊಲೆಯ ಕೆಳಮೈಯ ಎತ್ತರಕ್ಕೆ ಸರಿಯಾಗಿ ಒಂದು ಗುರುತು ಮಾಡಿದಳು. ಅದೇ ಗಳುವನ್ನು ಕೋಣೆಯ ನಡುವಿಗೆ ತಂದಾಗ ಗುರುತು ಆ ಕೆಳಮೈಗಿಂತ ಮೂರು ಬೆರಳು ಮೇಲೆ ಹೋಯಿತು. ಆಮೇಲೆ ದೀಪ ಎತ್ತಿ ಹಿಡಿದಳು. ನಲವತ್ತು ವರ್ಷದ ಒಲೆಯ ಹೊಗೆಗೆ ತೊಲೆ ಕಪ್ಪಾಗಿತ್ತು. ಆ ಕಪ್ಪಿನ ನಡುವೆ, ಕೆಳಮೈಯಲ್ಲಿ, ಅಂಗೈಯುದ್ದದ ಹೊಸ ಬಿಳಿ ಗೆರೆ. ಮರ ಸೀಳಿತ್ತು.

ಅವಳು ಹೊರಸಿನ ಮೇಲೆ ಕೂತಳು. ಗಂಡ ಬಂದು ಬಾಗಿಲಲ್ಲಿ ನಿಂತು ಮೇಲೆ ನೋಡಿದ, ಅವನಿಗೂ ತಿಳಿಯಿತು.

“ನಡುವ ಒಂದು ಕಂಬ ಕೊಟ್ರ ಆತು,” ಎಂದ.

“ಕಂಬ ಕೊಟ್ಟ ಮನ್ಯಾಗ ನೀ ಮಲಗಬಹುದು, ನಾ ಮಲಗಬಹುದು. ಕೂಸಿನ್ನ ಮಲಗಸಾಕ ಬರಂಗಿಲ್ಲ.”

“ಮಣ್ಣು ಇಳಿಸೋಣು.”

“ಮಳ್ಯಾಗ ಮೇಲ್ಪದರ ಬಿಚ್ಚಿದ್ರ ನೀರೆಲ್ಲಾ ಒಳಗ. ಇಳಿಸಿದ್ರೂ ಸೀಳಿದ್ದು ಕೂಡತದೇನ?”

ಅವನು ದನಿ ತಗ್ಗಿಸಿ ಹೇಳಿದ: “ಆಕಿ ನೋಡಾಕ ಬರಾಕತ್ತದ್ದು ಸೋರ್ತದೋ ಇಲ್ಲೋ ಅಂತ. ಸೋರಿಲ್ಲ. ತೊಲಿ ಸುದ್ದಿ ಯಾಕ ತಗೀತಿ? ಹುಡುಗಿ ಬರಲಿ ಮೊದಲ. ಆಮ್ಯಾಲ ನೋಡೋಣು.”

ಅವನು ಕೆಟ್ಟ ಮನುಷ್ಯನಲ್ಲ. ಮಗಳು ಮನೆಗೆ ಬರಬೇಕು ಎಂಬ ಆಸೆ ಅವನಿಗೂ ಅಷ್ಟೇ ಇತ್ತು.

ಬಸವೇಶ್ವರಿ ಹತ್ತೂವರೆಯ ಬಸ್ಸಿಗೆ ಬಂದರು. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಕಾಲು ತೊಳೆದು, ಚಹಾ ಬೇಡ ಎಂದು ನೇರ ಕೋಣೆಗೆ ನಡೆದರು. ನಾನು ಕಂಡ ಹಲವು ಅಧಿಕಾರಿಗಳಿಗಿಂತ ಆಕೆ ಕೆಲಸವನ್ನು ಸರಿಯಾಗಿ ಮಾಡಿದರು ಎನ್ನಬೇಕು. ನಾಲ್ಕೂ ಗೋಡೆಗೆ ಅಂಗೈ ಒತ್ತಿದರು. ಮೂಲೆಗಳಲ್ಲಿ ಬಗ್ಗಿ ವಾಸನೆ ನೋಡಿದರು. ಕೌದಿಯ ಮಡಿಕೆಯೊಳಗೆ ಕೈ ತೂರಿಸಿದರು. ಜಂತಿಗಳ ಸಂದುಗಳನ್ನು ಒಂದೊಂದಾಗಿ ನೋಡಿದರು. ತೊಲೆಯ ಕಡೆ ನೋಡಲಿಲ್ಲ. ಸೋರುವ ಜಾಗ ಹುಡುಕುವವರು ಯಾರೂ ತೊಲೆ ನೋಡುವುದಿಲ್ಲ.

“ಖರೇ ಹೇಳ್ತೇನಿ ಬೀಗತ್ಯಾರೆ, ನನಗ ಭರೋಸಾ ಇರಲಿಲ್ಲ. ನಮ್ಮ ಸ್ಲ್ಯಾಬಿನ ಮನಿಗಿಂತ ಬೆಚ್ಚಗದ. ಸೋಮವಾರ ಹುಡುಗಿನ್ನ ಕರಕೊಂಡು ಬರಾಕ ಹೇಳ್ತೇನಿ ಅನೀಲಗ.”

ಶಾಂತಲಿಂಗಪ್ಪನ ಮುಖ ಅರಳಿತು. “ಚಹಾ ಇಡು ಬೇ ಇನ್ನ,” ಎಂದ ಹೆಂಡತಿಗೆ. ಎದುರು ಮನೆಯಿಂದ ಬಂದು ಹೊಸ್ತಿಲ ಹೊರಗೆ ನಿಂತಿದ್ದ ಕುಲಸುಮಬಿಯೂ ಉಸಿರು ಬಿಟ್ಟಳು.

ಶಿವಕಾಂತಾ ಎದ್ದವಳು ಒಲೆಯ ಕಡೆ ಹೋಗಲಿಲ್ಲ.

“ಕಳಸಬ್ಯಾಡ್ರಿ,” ಎಂದಳು.

“ಏನಂದ್ರಿ?”

“ಹುಡುಗಿನ್ನ ಕಳಸಬ್ಯಾಡ್ರಿ. ಇಲ್ಲಿ ಬರ್ರಿ, ಮ್ಯಾಲ ನೋಡ್ರಿ. ಆ ಬಿಳಿ ಗೆರಿ ಕಾಣ್ತದಲ್ಲ? ತೊಲಿ ಸೀಳ್ಯದ. ನಿನ್ನೆ ಮೊನ್ನೆ ಆದದ್ದು. ನಾನೇ ಮಣ್ಣು ಜಾಸ್ತಿ ಏರಿಸೀನಿ, ಹಳೇದು ಇಳಸದೇ. ಸೋರಬಾರದು ಅಂತ.”

ಬಸವೇಶ್ವರಿ ಮೇಲೆ ನೋಡಿದರು. ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತರು. ಆಮೇಲೆ ಮಾತು ಬಂತು. ಆ ಮಾತು ಮೆತ್ತಗಿರಲಿಲ್ಲ.

“ಊರ ಮಂದಿಗೆಲ್ಲಾ ಬುದ್ಧಿ ಹೇಳೋರು ನೀವು! ಹೋದ ವರ್ಷ ನಮ್ಮನಿಗಿ ಬಂದಾಗ ಎಮ್ಮಿ ಕಥಿ ನನಗೂ ಹೇಳೀರಿ!”

“ಹೌದ್ರಿ, ಹೇಳೀನಿ.”

“ಮತ್ತ?”

“ಮತ್ತೇನಿಲ್ರಿ. ನಿಮಗ ಹೆದರಿ ಮಾಡೀನಿ.”

ಬಸವೇಶ್ವರಿ ಪಡಸಾಲೆಗೆ ಬಂದು ಕೂತರು. ಚಹಾ ಬಂತು, ಕುಡಿದರು. ಲೋಟ ಕೆಳಗಿಡುವಾಗ, ಯಾರ ಮುಖವನ್ನೂ ನೋಡದೆ ಹೇಳಿದರು:

“ಹಂಗಾದ್ರ ನೀವೇ ಜೇವರ್ಗಿಗಿ ಬರ್ರಿ.”

“ಅಯ್ಯ, ಮಗಳ ಅತ್ತಿ ಮನ್ಯಾಗ ಮೂರು ತಿಂಗಳು ಹ್ಯಾಂಗ ಕೂಡಲಿ? ಮಂದಿ ಏನಂದಾರು?”

“ಮಂದಿ ಬಂದು ಬಾಣಂತನ ಮಾಡ್ತಾರೇನು? ನನಗಂತೂ ಬರಂಗಿಲ್ಲ. ನನ್ನೆರಡೂ ನಮ್ಮವ್ವ ಮಾಡ್ಯಾಳ. ಕೂಸಿಗಿ ನೀರ ಎರೆಯೋದು ಸುದ್ದಾ ನಾ ಕಲಿತಿಲ್ಲ. ನೀವು ಬರಲಿಲ್ಲಂದ್ರ ನಮ್ಮನಿಯಾಗ ಯಾರು ನೋಡಬೇಕು ಆಕಿನ್ನ?”

ಹೊಸ್ತಿಲ ಹೊರಗಿನಿಂದ ಕುಲಸುಮಬಿ, “ಹೋಗ ಯಕ್ಕಾ. ನೀ ಇಲ್ಲದಾಗ ಅಣ್ಣಗ ರೊಟ್ಟಿ ನಾ ಕೊಡ್ತೇನಿ. ಅವರ ತಲಿ ಗಡಗಿಗಿ ಬಡೀದಂಗ ಜ್ವಾಕಿನೂ ಮಾಡ್ತೇನಿ,” ಎಂದಳು.

ತಾಯಿ ಮಗಳ ಮನೆಯಲ್ಲಿ ಉಣ್ಣಬಾರದು, ಉಳಿಯಬಾರದು ಎಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹೆಣ್ಣು ಕೊಟ್ಟವರು ತಗ್ಗಿ ದೂರ ನಿಲ್ಲಬೇಕು ಎಂಬುದನ್ನು ಬಿಟ್ಟು ಅದಕ್ಕೆ ಬೇರೆ ಕಾರಣ ನಾನು ಕಂಡಿಲ್ಲ. ಶಿವಕಾಂತಾ ಎರಡು ದಿನ ಯೋಚನೆ ಮಾಡಿದಳು. ಮೂರನೆಯ ದಿನ ಕೌದಿಗಳನ್ನು ಗಂಟು ಕಟ್ಟಿ, ಡಬ್ಬಿಗಳನ್ನು ಚೀಲಕ್ಕೆ ತುಂಬಿ, ಒಂದು ಗೋಣಿ ಕುಳ್ಳು ಬಸ್ಸಿನ ಮೇಲೆ ಏರಿಸಿದಳು. ಸೆಗಣಿಗೆ ಟಿಕೆಟ್ಟು ಎಷ್ಟು ಎಂದು ಕಂಡಕ್ಟರು ಕೇಳಿದನಂತೆ. ಬಾಣಂತಿಯದು, ಪುಕ್ಕಟೆ ಒಯ್ಯಬೇಕು ಎಂದಳಂತೆ.

ಜೇವರ್ಗಿಯ ಮನೆ ಹೊಸದು, ಬಣ್ಣ ಬಳಿದದ್ದು, ಎಲ್ಲಿಯೂ ಸೋರದ್ದು, ಮತ್ತು ಮಳೆಗಾಲದಲ್ಲಿ ಬಾಣಂತಿಗೆ ಸ್ವಲ್ಪವೂ ಆಗದ್ದು. ಸ್ಲ್ಯಾಬು ಮೇಲಿನಿಂದ ತಣ್ಣಗೆ, ಪರ್ಸಿ ಕಲ್ಲಿನ ನೆಲ ಕೆಳಗಿನಿಂದ ತಣ್ಣಗೆ, ಹೆದ್ದಾರಿಯ ಕಡೆಯ ಜಾಲರಿಯಿಂದ ಹಸಿಗಾಳಿ. ಶಿವಕಾಂತಾ ಮೊದಲ ದಿನವೇ ಹೊರಸನ್ನು ಗೋಡೆಯಿಂದ ಮೊಳದಷ್ಟು ದೂರ ಎಳೆದಳು. ಜಾಲರಿಗೆ ಒಳಗಿನಿಂದ ಗೋಣಿ ಹೊಲಿದಳು. ಪರ್ಸಿಯ ಮೇಲೆ ಜೋಳದ ಕಣಿಕೆ ಒತ್ತಾಗಿ ಹಾಸಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಕಂಬಳಿ ಹಾಕಿದಳು. ಹೆರಿಗೆಯಾದ ಮೇಲೆ ಹೊರಸಿನ ಕೆಳಗೆ ಕೆಂಡ ಇಡಲು ಹೋದಾಗ ವಿದ್ಯಾವತಿ ತಡೆದಳು.

“ಯವ್ವಾ, ಹೊಗಿ ಕೂಸಿಗಿ ಆಗಂಗಿಲ್ಲಂತ ದವಾಖಾನ್ಯಾಗ ನೂರು ಸಲ ಹೇಳ್ಯಾರ.”

ನರ್ಸುಗಳು ಹೇಳಿದ್ದು ಸರಿಯಾಗಿಯೇ ಇತ್ತು. ಶಿವಕಾಂತಾ ಗೊಣಗಿದಳು, ಆದರೆ ಹಟ ಮಾಡಲಿಲ್ಲ. ಆ ವರ್ಷ ಹಟಕ್ಕೆ ತೆತ್ತದ್ದು ಸಾಕಾಗಿತ್ತು. ಹಿತ್ತಿಲಿನಲ್ಲಿ ಕುಳ್ಳಿನ ಬೆಂಕಿ ಮಾಡಿ, ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಕೌದಿಗಳನ್ನು ಹೊರಗೇ ಬೆಚ್ಚಗೆ ಮಾಡಿ ತರುವುದು ಎಂದಾಯಿತು. ದಿನಕ್ಕೆ ಆರು ಸಲ. ಒಂದು ವಾರದ ಮೇಲೆ ಬಸವೇಶ್ವರಿ ಆ ಕೆಲಸದಲ್ಲಿ ಮೂರು ಸಲ ತಮ್ಮದು ಎಂದರು. ಕೌದಿಯ ಒಂದು ಅಂಚು ಸುಟ್ಟರು. ಎರಡನೆಯ ಸಲ ಸುಡಲಿಲ್ಲ.

ಹೆರಿಗೆ ಸುಸೂತ್ರವಾಗಿತ್ತು. ಹೆಣ್ಣು ಮಗು. ಹೆರಿಗೆಯ ವಾರ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಕಿಣ್ಣಿ ಸುಲ್ತಾನದಿಂದ ಕುಲಸುಮಬಿಯ ಫೋನು ಬಂತು: ಇಬ್ಬರು ಆಳು ಹಚ್ಚಿ ಎಪ್ಪತ್ತು ಬುಟ್ಟಿಯನ್ನೂ ಇಳಿಸಿದ್ದಾರೆ, ನಡುವೆ ಎರಡು ಕಂಬ ಕೊಟ್ಟಿದ್ದಾರೆ, ತೊಲೆ ಬಾಗಿದ್ದು ಬಾಗಿಯೇ ಇದೆ, ಸುಗ್ಗಿಯ ನಂತರ ಬೇರೆ ಹಾಕಬೇಕು, ಶಾಂತಲಿಂಗಪ್ಪ ಪಡಸಾಲೆಯಲ್ಲಿ ಮಲಗುತ್ತಾನೆ, ರೊಟ್ಟಿ ದಪ್ಪ ಎಂದು ಕೊಂಕು ತೆಗೆಯುತ್ತಾನೆ.

ಮೂರನೆಯ ವಾರ ನಾನು ಮಗುವನ್ನು ನೋಡಲು ಜೇವರ್ಗಿಗೆ ಹೋಗಿದ್ದೆ. ಹೊರಗೆ ಸೋನೆ. ಬಸವೇಶ್ವರಿಯ ಕಡೆಯ ನಾಲ್ವರು ಹೆಂಗಸರು ಬಂದು ಹೊರಸಿನ ಸುತ್ತ ನಿಂತಿದ್ದರು. ಅವರಲ್ಲಿ ಹಿರಿಯಳು ಶಿವಕಾಂತಾಳನ್ನು ಮೇಲಿನಿಂದ ಕೆಳಗೆ ನೋಡಿ, “ಚೊಚ್ಚಲಕ್ಕ ತವರಿಗಿ ಕರಕೊಂಡು ಹೋಗೋದು ಬಿಟ್ಟು ತಾಯೇ ಇಲ್ಲಿ ಬಂದು ಕುಂತಾಳಲ್ಲ, ಇದೆಲ್ಲಿ ಪದ್ಧತ್ರಿ?” ಎಂದಳು.

ಬಸವೇಶ್ವರಿ ಏನೋ ಸಮಾಧಾನದ ಮಾತು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಿಸಿ ಕೌದಿ ಎದೆಗವಚಿಕೊಂಡು ಹಿತ್ತಿಲಿನಿಂದ ಬರುತ್ತಿದ್ದ ಶಿವಕಾಂತಾ ತಾನೇ ಉತ್ತರ ಕೊಟ್ಟಳು.

“ನಮ್ಮನಿ ತೊಲಿ ಸೀಳ್ಯದ್ರಿ. ನಾನೇ ಭಾರ ಹೇರಿ ಸೀಳೀನಿ. ಜರಾ ಸರೀರಿ, ಕೌದಿ ಆರ್ತದ. ಮತ್ತ ಒಳಗ ಬರುವಾಗ ಬಾಗಲ ಹಾಕಿ ಬರಬೇಕಲ್ರಿ? ಗಾಳಿ ನೋಡ್ರಿ ಹ್ಯಾಂಗ ಬರಾಕತ್ತದ.”

ಹಿರಿಯಳೇ ಹೋಗಿ ಬಾಗಿಲು ಹಾಕಿ ಬಂದಳು.